ಇಲ್ಲದ ಯಂತ್ರದ ಅರವತ್ತು ವರ್ಷ

ನವಿ ಮುಂಬಯಿಯ ಐರೋಲಿಯಲ್ಲೋ ಚೆನ್ನೈನ ಸಿರುಸೇರಿಯಲ್ಲೋ ಇರುವ ಒಂದು ಡೇಟಾ ಸೆಂಟರ್ ಅಂದುಕೊಳ್ಳಿ. ರಾತ್ರಿ ಎರಡು ಗಂಟೆ. ಒಂದು ಸರ್ವರ್‌ನ ರ‍್ಯಾಮ್ ಕೈಕೊಡುವ ಲಕ್ಷಣ ತೋರಿಸುತ್ತಿದೆ, ಬದಲಿಸಬೇಕು. ಆದರೆ ಆ ಒಂದೇ ಡಬ್ಬದೊಳಗೆ ಆ ಹೊತ್ತಿಗೆ ಮೂವತ್ತು ‘ಯಂತ್ರ’ಗಳು ಓಡುತ್ತಿವೆ. ಒಂದು ಯಾವುದೋ ಬ್ಯಾಂಕಿನ ಲೆಕ್ಕ ನೋಡುತ್ತಿದೆ, ಇನ್ನೊಂದು ಆಸ್ಪತ್ರೆಯ ರಿಪೋರ್ಟುಗಳನ್ನು ಕಾಯುತ್ತಿದೆ, ಮತ್ತೊಂದು ಯಾರದೋ ಸಂಬಳದ ಪಟ್ಟಿ ತಯಾರಿಸುತ್ತಿದೆ. ಪಾಳಿಯಲ್ಲಿರುವ ಹುಡುಗಿ ಪರದೆಯ ಮೇಲೆ ನಾಲ್ಕು ಗುಂಡಿ ಒತ್ತುತ್ತಾಳೆ. ಕೆಲವು ನಿಮಿಷಗಳಲ್ಲಿ ಮೂವತ್ತೂ ಎದ್ದು ಪಕ್ಕದ ರ‍್ಯಾಕಿನ ಸರ್ವರ್‌ಗೆ ಹೋಗಿ ಕೂತಿರುತ್ತವೆ. ಯಾವುದೂ ನಿಂತಿಲ್ಲ, ಯಾರ ಲಾಗಿನ್ನೂ ತಪ್ಪಿಲ್ಲ. ಖಾಲಿಯಾದ ಸರ್ವರ್ ಆರಿಸಿ, ರ‍್ಯಾಮ್ ಬದಲಿಸಿ, ಅವಳು ಚಹಾ ಕುಡಿಯಲು ಹೋಗುತ್ತಾಳೆ.

ಇದು ಈಗ ಎಷ್ಟು ಮಾಮೂಲಿ ಅಂದರೆ ಮಾಡುವವರು ಆಕಳಿಸುತ್ತಲೇ ಮಾಡುತ್ತಾರೆ. ಆದರೂ ಅಲ್ಲಿ ಜಾಗ ಬದಲಿಸಿದ್ದು ಏನು ಎಂದು ಒಂದು ಗಳಿಗೆ ಯೋಚಿಸಿ. ಲೋಹ, ತಂತಿ, ಚಿಪ್ಪು ಎಲ್ಲ ಇದ್ದಲ್ಲೇ ಇವೆ. ಹೋದದ್ದು ‘ನನಗೊಂದು ಸ್ವಂತ ಯಂತ್ರವಿದೆ’ ಎಂದು ಆ ಮೂವತ್ತು ಪ್ರೋಗ್ರಾಂಗಳಿಗೆ ಮಾಡಿಸಿಕೊಟ್ಟಿದ್ದ ನಂಬಿಕೆ. ಆ ನಂಬಿಕೆಗೆ ವರ್ಚುವಲ್ ಮಷೀನ್ ಎಂದು ಹೆಸರು, ಆಡುಮಾತಿನಲ್ಲಿ ವಿಎಂ. ಅದನ್ನು ಹುಟ್ಟಿಸಿ ಕಾಪಾಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು.

ಈ ಕಥೆಯನ್ನು ಸಾಮಾನ್ಯವಾಗಿ ಉಳಿತಾಯದ ಕಥೆಯಾಗಿ ಹೇಳುತ್ತಾರೆ: ಹತ್ತು ಸರ್ವರ್ ಬೇಕಾದಲ್ಲಿ ಒಂದೇ ಸಾಕಾಯಿತು, ಕರೆಂಟು ಉಳಿಯಿತು, ಜಾಗ ಉಳಿಯಿತು. ಅದು ಸುಳ್ಳಲ್ಲ. ಆದರೆ ಕೂಡುಕುಟುಂಬದ ಮನೆಯ ಚರಿತ್ರೆ ಗೊತ್ತಾಗಬೇಕಾದರೆ ಉಗ್ರಾಣದಲ್ಲಿ ಎಷ್ಟು ಅಕ್ಕಿ ಇತ್ತು ಎಂದು ಕೇಳಿದರೆ ಸಾಲದು, ಉಗ್ರಾಣದ ಬೀಗದಕೈ ಯಾರ ಸೊಂಟದಲ್ಲಿತ್ತು ಎಂದೂ ಕೇಳಬೇಕು. ಯಂತ್ರಕ್ಕೂ ಪ್ರೋಗ್ರಾಮಿಗೂ ನಡುವೆ ಒಂದು ಪದರ ಬಂದ ದಿನದಿಂದ ಆ ಪದರ ಯಾರದು ಎಂಬ ಜಗಳವೂ ನಡೆದೇ ಇದೆ. ಕಳೆದ ಎರಡು ಮೂರು ವರ್ಷಗಳಲ್ಲಿ ಅದು ಮತ್ತೆ ಜೋರಾಗಿದೆ.

*

ಮೊದಲು 1964ಕ್ಕೆ ಹೋಗೋಣ. ಜಾಗ ಅಮೆರಿಕದ ಮಸಾಚುಸೆಟ್ಸ್‌ನ ಕೇಂಬ್ರಿಜ್. ಆ ವರ್ಷ ಏಪ್ರಿಲ್ 7ರಂದು ಐಬಿಎಂ ತನ್ನ ಸಿಸ್ಟಂ/360 ಸರಣಿಯನ್ನು ಪ್ರಕಟಿಸಿತ್ತು. ಕಂಪನಿ ತನ್ನ ಭವಿಷ್ಯವನ್ನೇ ಪಣಕ್ಕಿಟ್ಟ ಸರಣಿ ಅದು. ಆಗ ಕಂಪ್ಯೂಟರ್ ಬಳಸುವುದೆಂದರೆ ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು, ಸರದಿ ಬಂದಾಗ ಉತ್ತರ ಪಡೆಯುವುದು. ಒಂದು ಅಲ್ಪವಿರಾಮ ತಪ್ಪಿದ್ದರೆ ಮರುದಿನ ಗೊತ್ತಾಗುತ್ತಿತ್ತು. ಅದೇ ಊರಿನ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಹಲವು ಜನ ಒಂದೇ ಯಂತ್ರವನ್ನು ಒಟ್ಟಿಗೆ, ತಂತಮ್ಮ ಟರ್ಮಿನಲ್‌ನಿಂದ ಬಳಸುವ ಟೈಂ-ಶೇರಿಂಗ್ ವ್ಯವಸ್ಥೆ ಕಟ್ಟಿದ್ದರು. ಅದರ ಮುಂದಿನ ಹೆಜ್ಜೆಗೆ, ಅಂದರೆ ಮಲ್ಟಿಕ್ಸ್ ಯೋಜನೆಗೆ, ಎಂಐಟಿ ಹೊಸ ಯಂತ್ರ ಹುಡುಕುತ್ತಿತ್ತು. ಗುತ್ತಿಗೆ ತನಗೇ ಎಂದು ಐಬಿಎಂ ನಂಬಿತ್ತು. ಅದು ಜನರಲ್ ಎಲೆಕ್ಟ್ರಿಕ್ ಪಾಲಾಯಿತು. 360ರಲ್ಲಿ ಟೈಂ-ಶೇರಿಂಗ್‌ಗೆ ಬೇಕಾದ ವಿಳಾಸ ಬದಲಾಯಿಸುವ ಸೌಕರ್ಯವೇ ಇರಲಿಲ್ಲ.

ಐಬಿಎಂಗೆ ಎಂಐಟಿ ಪಕ್ಕದಲ್ಲೇ ಒಂದು ಸಣ್ಣ ಸಂಶೋಧನಾ ಕಚೇರಿ ಇತ್ತು, ಕೇಂಬ್ರಿಜ್ ಸೈಂಟಿಫಿಕ್ ಸೆಂಟರ್. ನಾರ್ಮ್ ರಾಸ್ಮುಸೆನ್ ಅದರ ಮುಖ್ಯಸ್ಥ. ಕೊರ್ಬಾಟೊ ಜೊತೆ ಕೆಲಸ ಮಾಡಿದ್ದ ರಾಬರ್ಟ್ ಕ್ರೀಸಿ ಅಲ್ಲಿಗೆ ಸೇರಿಕೊಂಡಿದ್ದ. 1964ರ ಕೊನೆಯ ವಾರ ಕ್ರೀಸಿಯೂ ಲೆಸ್ ಕೋಮೋ ಎಂಬ ಇನ್ನೊಬ್ಬನೂ ಕೂತು ಒಂದು ವಿನ್ಯಾಸ ಹೊಸೆದರು.

ಅದುವರೆಗೆ ಎಲ್ಲರೂ ಮಾಡುತ್ತಿದ್ದದ್ದು ನೂರು ಜನರನ್ನು ಏಕಕಾಲಕ್ಕೆ ಸಂಭಾಳಿಸುವ ಒಂದು ಭಾರೀ ಆಪರೇಟಿಂಗ್ ಸಿಸ್ಟಂ ಬರೆಯುವುದು. ಇವರು ಕೆಲಸವನ್ನು ಎರಡಾಗಿ ಒಡೆದರು. ಒಂದು ಪ್ರೋಗ್ರಾಂ ಯಂತ್ರವನ್ನು ಹಂಚುವುದನ್ನು ಮಾತ್ರ ಮಾಡಲಿ. ಹಂಚುವುದೆಂದರೆ ಪ್ರತಿಯೊಬ್ಬರಿಗೂ ಇಡೀ 360 ಯಂತ್ರವೇ ತನ್ನದು ಎನ್ನುವ ಹಾಗೆ ನಕಲು ಕೊಡುವುದು. ಅದರ ಹೆಸರು ಸಿಪಿ, ಕಂಟ್ರೋಲ್ ಪ್ರೋಗ್ರಾಂ. ಇನ್ನೊಂದು, ಒಬ್ಬನೇ ಒಬ್ಬ ಮನುಷ್ಯನಿಗೆ ಸೇವೆ ಕೊಡುವ ಪುಟ್ಟ, ಸರಳ ವ್ಯವಸ್ಥೆ. ಅದು ಸಿಎಂಎಸ್. ಸಿಪಿಗೆ ಬಳಕೆದಾರರ ಗೊಡವೆ ಇಲ್ಲ. ಸಿಎಂಎಸ್‌ಗೆ ತನ್ನ ಜೊತೆ ಬೇರೆಯವರಿದ್ದಾರೆ ಎಂಬ ಅರಿವೇ ಇಲ್ಲ. ಅಕ್ಕಪಕ್ಕದವರ ಸದ್ದೇ ಕೇಳಿಸದ ವಠಾರದ ಹಾಗೆ.

ಇದು ನಡೆಯುವ ಬಗೆ ಸ್ವಾರಸ್ಯದ್ದು. 360ರ ಪ್ರೊಸೆಸರ್‌ನಲ್ಲಿ ಎರಡು ಸ್ಥಿತಿಗಳಿದ್ದವು: ಎಲ್ಲ ಆದೇಶಗಳಿಗೂ ಅವಕಾಶವಿರುವ ಮೇಲ್ವಿಚಾರಕ ಸ್ಥಿತಿ, ಮತ್ತು ಸಾಮಾನ್ಯ ಪ್ರೋಗ್ರಾಂಗಳ ಸ್ಥಿತಿ. ಸಾಮಾನ್ಯ ಸ್ಥಿತಿಯಲ್ಲಿರುವ ಪ್ರೋಗ್ರಾಂ ಡಿಸ್ಕ್ ಓಡಿಸುವಂಥ ಮೇಲ್ಮಟ್ಟದ ಆದೇಶ ಕೊಟ್ಟರೆ ಪ್ರೊಸೆಸರ್ ಅದನ್ನು ತಡೆದು ಮೇಲ್ವಿಚಾರಕನಿಗೆ ದೂರು ಕೊಡುತ್ತದೆ. ಕ್ರೀಸಿ ತಂಡ ಮಾಡಿದ್ದು ಇಷ್ಟು: ಇಡೀ ಆಪರೇಟಿಂಗ್ ಸಿಸ್ಟಮ್ಮನ್ನೇ ಸಾಮಾನ್ಯ ಸ್ಥಿತಿಯಲ್ಲಿ ಕೂರಿಸಿ, ಮೇಲೆ ಸಿಪಿಯನ್ನು ಇಟ್ಟರು. ಒಳಗಿರುವವನು ‘ಡಿಸ್ಕ್ ಓಡಲಿ’ ಅಂದಾಗಲೆಲ್ಲ ದೂರು ಸಿಪಿಗೆ ಬರುತ್ತದೆ, ಸಿಪಿ ಆ ಕೆಲಸವನ್ನು ತಾನೇ ಮಾಡಿಸಿ ‘ಓಡಿತು’ ಅನ್ನುತ್ತದೆ. ಕೇಳಿದವನಿಗೆ ನಿಜದ ಡಿಸ್ಕೇ ಉತ್ತರಿಸಿದಂತೆ. ಆಗ ಆಪರೇಟಿಂಗ್ ಸಿಸ್ಟಂನ ತಿರುಳಿಗೆ ಸೂಪರ್‌ವೈಸರ್ ಅನ್ನುತ್ತಿದ್ದರು. ಸೂಪರ್‌ವೈಸರನ ತಲೆಯ ಮೇಲೆ ಕೂತವನು ಹೈಪರ್‌ವೈಸರ್ ಆದ.

ವಿಶೇಷವಾಗಿ ಮಾರ್ಪಡಿಸಿದ 360/40 ಯಂತ್ರದ ಮೇಲೆ ಸಿಪಿ-40, 1967ರ ಜನವರಿಯ ಹೊತ್ತಿಗೆ ನಿತ್ಯಬಳಕೆಗೆ ಬಂತು. ಒಂದೇ ಯಂತ್ರದಲ್ಲಿ 14 ಯಂತ್ರಗಳು, ಒಂದೊಂದಕ್ಕೆ 256 ಕಿಲೋಬೈಟ್ ಮೆಮೊರಿ. ಇಂದು ನೀವು ವಾಟ್ಸ್ಯಾಪಿನಲ್ಲಿ ಕಳಿಸುವ ಒಂದು ಶುಭೋದಯದ ಚಿತ್ರ ಅದರಲ್ಲಿ ಹಿಡಿಸದೇ ಹೋದೀತು.

*

ಇಷ್ಟಾದರೂ ಐಬಿಎಂಗೆ ಇದು ಮನೆಯ ಮುದ್ದಿನ ಮಗುವಾಗಿರಲಿಲ್ಲ. ಕಂಪನಿಯ ಅಧಿಕೃತ ಟೈಂ-ಶೇರಿಂಗ್ ವ್ಯವಸ್ಥೆ ಟಿಎಸ್‌ಎಸ್/360. ಅದಕ್ಕೆ ದೊಡ್ಡ ತಂಡ, ದೊಡ್ಡ ಬಜೆಟ್ಟು. ಅದು ತಡವಾಯಿತು, ನಿಧಾನವಾಗಿ ಓಡಿತು, ಕೊನೆಗೆ ನಿಂತೇಹೋಯಿತು. ಕೇಂಬ್ರಿಜ್‌ನ ಬೆರಳೆಣಿಕೆಯ ಜನ ಬರೆದ ಸಿಪಿ-67 ಮಾತ್ರ ನಡೆಯುತ್ತಿತ್ತು. 1968ರಲ್ಲಿ ಅದನ್ನು ‘ಬೇಕಿದ್ದರೆ ಒಯ್ಯಿರಿ, ಹೊಣೆ ನಮ್ಮದಲ್ಲ’ ಎಂಬ ದರ್ಜೆಯಲ್ಲಿ, ಸೋರ್ಸ್ ಕೋಡ್ ಸಮೇತ ಗ್ರಾಹಕರಿಗೆ ಕೊಟ್ಟರು.

ಆ ಉದಾಸೀನವೇ ವರವಾಯಿತು ಎಂದು ನನ್ನ ಎಣಿಕೆ. ಹೊಣೆ ಹೊರುವವರು ಇಲ್ಲದ್ದರಿಂದ ಬಳಸುವವರೇ ಕೋಡ್ ಓದಿದರು, ತಿದ್ದಿದರು, ತಿದ್ದಿದ್ದನ್ನು ಷೇರ್ ಎಂಬ ಬಳಕೆದಾರರ ಸಂಘದ ಸಭೆಗಳಲ್ಲಿ ಒಬ್ಬರಿಗೊಬ್ಬರು ಕೊಟ್ಟುಕೊಂಡರು. ಎಂಐಟಿಯ ಲಿಂಕನ್ ಪ್ರಯೋಗಾಲಯ ಹೀಗೆ ಮೊದಲೇ ಒಯ್ದವರ ಸಾಲಿನಲ್ಲಿತ್ತು. 1968ರಲ್ಲೇ ನ್ಯಾಷನಲ್ ಸಿಎಸ್‌ಎಸ್ ಎಂಬ ಕಂಪನಿ ಸಿಪಿ-67 ಓಡುವ ಯಂತ್ರ ಇಟ್ಟುಕೊಂಡು, ಬಳಸಿದಷ್ಟಕ್ಕೆ ಕಾಸು ಎಂದು ದೂರವಾಣಿ ತಂತಿಯ ಮೂಲಕ ಯಂತ್ರ ಬಾಡಿಗೆಗೆ ಕೊಡಲು ಶುರುಮಾಡಿತು. ‘ಕ್ಲೌಡ್’ ಎಂಬ ಮಾತು ಹುಟ್ಟುವುದಕ್ಕೆ ದಶಕಗಳ ಹಿಂದೆ.

1972ರ ಆಗಸ್ಟ್ 2ರಂದು ಐಬಿಎಂ ಕೊನೆಗೂ ಇದನ್ನು ತನ್ನದೆಂದು ಒಪ್ಪಿಕೊಂಡು ವಿಎಂ/370 ಎಂಬ ಹೆಸರಿನಲ್ಲಿ ಪ್ರಕಟಿಸಿತು. ಅದರ ಹಿಂದೊಂದು ಘಟನೆ ಇದೆ. ವಿಳಾಸ ಬದಲಾಯಿಸುವ ಸೌಕರ್ಯವಿರುವ 370 ಯಂತ್ರ ಇನ್ನೂ ಕಾರ್ಖಾನೆಯಿಂದ ಹೊರಬಿದ್ದಿರಲಿಲ್ಲ. ಕೇಂಬ್ರಿಜ್‌ನವರು ತಮ್ಮ ಸಿಪಿ-67ನ್ನು ತಿದ್ದಿ, ಅದರೊಳಗೆ ಇನ್ನೂ ಹುಟ್ಟದ 370ರ ನಕಲನ್ನು ಸೃಷ್ಟಿಸಿ, ಆ ನಕಲಿನ ಮೇಲೆ ಹೊಸ ತಂತ್ರಾಂಶ ಬರೆದು ಪರೀಕ್ಷಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬ ನಮ್ಮ ಗಾದೆ ಇಲ್ಲಿ ಸೋತಿತು.

ಕಂಪನಿಯ ದೊಡ್ಡವರಿಗೆ ಬೇಕಿದ್ದದ್ದು ಎಲ್ಲ ಗ್ರಾಹಕರೂ ಎಂವಿಎಸ್ ಎಂಬ ಬೇರೊಂದು ವ್ಯವಸ್ಥೆಗೆ ಬರುವುದು. 1976ರಲ್ಲಿ ವಿಎಂ ತಂಡವಿದ್ದ ಮಸಾಚುಸೆಟ್ಸ್‌ನ ಬರ್ಲಿಂಗ್ಟನ್ ಕಚೇರಿ ಮುಚ್ಚಿ, ಎಲ್ಲರೂ ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಗೆ ಬರಬೇಕೆಂದರು. ಬಹಳ ಜನ ಹೋಗಲಿಲ್ಲ. ಹಲವರು ಹತ್ತಿರದಲ್ಲೇ ಇದ್ದ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿ ಸೇರಿದರು. ಅಲ್ಲಿ ಆಗ ವ್ಯಾಕ್ಸ್ ಯಂತ್ರಕ್ಕೆ ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಂ ತಯಾರಾಗುತ್ತಿತ್ತು. (ಅದರಲ್ಲಿರುವ ವಿಎಂ ವರ್ಚುವಲ್ ಮೆಮೊರಿ, ಮಷೀನ್ ಅಲ್ಲ.) ಆ ವಿಎಂಎಸ್ ನಮಗೆ ಅಪರಿಚಿತವೇನಲ್ಲ. ನಮ್ಮ ರೈಲ್ವೆ ರಿಸರ್ವೇಶನ್ನಿನ ಕಂಪ್ಯೂಟರುಗಳು ದೆಹಲಿ, ಮುಂಬಯಿ, ಕಲ್ಕತ್ತ, ಚೆನ್ನೈ, ಸಿಕಂದರಾಬಾದ್‌ಗಳಲ್ಲಿ ಅದರ ಮೇಲೆಯೇ ಓಡಿದವು. ಹಬ್ಬಕ್ಕೆ ಊರಿಗೆ ಹೋಗಲು ಕೌಂಟರಿನ ಮುಂದೆ ನಸುಕಿನಲ್ಲಿ ಸಾಲುಗಟ್ಟಿದವರಿಗೆ ಟಿಕೆಟ್ ಕೊಟ್ಟಿದ್ದು ಅದೇ.

ಬೀಗದಕೈ ಪ್ರಶ್ನೆ ಮುಖಕ್ಕೆ ಬಂದದ್ದು 1983ರ ಫೆಬ್ರವರಿಯಲ್ಲಿ. ಇನ್ನು ಮುಂದೆ ಸೋರ್ಸ್ ಕೋಡ್ ಕೊಡುವುದಿಲ್ಲ, ಯಂತ್ರಕ್ಕೆ ಮಾತ್ರ ಅರ್ಥವಾಗುವ ಆಬ್ಜೆಕ್ಟ್ ಕೋಡ್ ಮಾತ್ರ ಎಂದು ಐಬಿಎಂ ಸಾರಿತು. ಹದಿನೈದು ವರ್ಷ ಆ ಕೋಡನ್ನು ಓದಿ ತಿದ್ದಿ ಬೆಳೆಸಿದ್ದ ಬಳಕೆದಾರರು ಸಭೆಗಳಲ್ಲಿ ಪ್ರತಿಭಟಿಸಿದರು, ಪತ್ರ ಬರೆದರು, ವರ್ಷಗಟ್ಟಲೆ ವಾದಿಸಿದರು. ಕಂಪನಿ ಬಗ್ಗಲಿಲ್ಲ.

*

ಕಂಪನಿಯೊಂದು ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ಅಷ್ಟರಲ್ಲಾಗಲೇ ಭಾರತ ಬೇರೆ ರೀತಿಯಲ್ಲಿ ಕಂಡಿತ್ತು. 1973ರ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಷೇರು ಬಂಡವಾಳ ಇಳಿಸಲು ಒಪ್ಪದ ಐಬಿಎಂ 1978ರಲ್ಲಿ ದೇಶ ಬಿಟ್ಟಿತು. ಕೋಕಾ-ಕೋಲಾ ಹೋದದ್ದು ಎಲ್ಲರಿಗೂ ನೆನಪಿದೆ. ಅದರ ಜಾಗಕ್ಕೆ ಇನ್ನೊಂದು ಬಾಟಲಿ ಬಂತು. ಐಬಿಎಂ ಬಿಟ್ಟುಹೋದ ಯಂತ್ರಗಳು ಮಾತ್ರ ಕಾರ್ಖಾನೆ, ಕಚೇರಿ, ವಿದ್ಯಾಸಂಸ್ಥೆಗಳಲ್ಲಿ ಓಡುತ್ತಲೇ ಇರಬೇಕಾಗಿತ್ತು. ಸರ್ಕಾರ ಕಟ್ಟಿದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್, ಅಂದರೆ ಸಿಎಂಸಿ, ಅವುಗಳ ದುರಸ್ತಿಯ ಹೊಣೆ ಹೊತ್ತಿತು. ಮುಂದೆ ರೈಲ್ವೆಯ ಮೊದಲ ಕಂಪ್ಯೂಟರ್ ರಿಸರ್ವೇಶನ್ ವ್ಯವಸ್ಥೆಯನ್ನು ದೆಹಲಿಯಲ್ಲಿ ಕಟ್ಟಿದ್ದೂ ಸಿಎಂಸಿಯೇ. ಬೇರೆಯವರ ಯಂತ್ರಗಳನ್ನು ಬಿಚ್ಚಿ, ತಿದ್ದಿ, ಒಂದು ಕಂಪನಿಗೆ ಜೋತುಬೀಳದೆ ನಡೆಸುವುದನ್ನು ಕಲಿತ ಒಂದು ಪೀಳಿಗೆ ಅಲ್ಲಿ ತಯಾರಾಯಿತು.

*

ಎಂಬತ್ತರ ದಶಕದಲ್ಲಿ ಪಿಸಿ ಬಂತು, ಯಂತ್ರ ಅಗ್ಗವಾಯಿತು, ಒಂದನ್ನು ಹತ್ತು ಜನಕ್ಕೆ ಹಂಚುವ ಗರಜು ಹೋಯಿತು. ವರ್ಚುವಲ್ ಮಷೀನ್ ಮೇನ್‌ಫ್ರೇಮಿನವರ ಹಳೇ ಮಾತಾಗಿ ಉಳಿಯಿತು.

ತೊಂಬತ್ತರ ದಶಕದ ಕೊನೆಗೆ ಸಮಸ್ಯೆ ತಿರುಗಾಮುರುಗಾ ಆಗಿತ್ತು. ಮೊದಲು ಯಂತ್ರ ಒಂದು, ಜನ ಹಲವರು. ಈಗ ಯಂತ್ರಗಳೇ ಲೆಕ್ಕವಿಲ್ಲದಷ್ಟು. ಕಚೇರಿಗಳಲ್ಲಿ ‘ಒಂದು ಅಪ್ಲಿಕೇಶನ್‌ಗೆ ಒಂದು ಸರ್ವರ್’ ಎಂಬುದು ಅಲಿಖಿತ ನಿಯಮವಾಗಿತ್ತು. ಇಮೇಲ್ ಮತ್ತು ಲೆಕ್ಕಪತ್ರ ಒಂದೇ ಸರ್ವರ್‌ನಲ್ಲಿದ್ದು ಒಂದು ಕೆಟ್ಟರೆ ತಪ್ಪು ಯಾರದೆಂದು ಇಬ್ಬರು ವೆಂಡರ್‌ಗಳು ಜಗಳಾಡುತ್ತಾರೆ. ಬೇರೆ ಬೇರೆ ಇಟ್ಟುಬಿಟ್ಟರೆ ಪೀಡೆ ತಪ್ಪಿತು. ಹಾಗಾಗಿ ರ‍್ಯಾಕುಗಟ್ಟಲೆ ಸರ್ವರ್‌ಗಳು ದಿನದ ಬಹುಪಾಲು ಸುಮ್ಮನೆ ಬಿಸಿಗಾಳಿ ಊದುತ್ತಿದ್ದವು. ಪ್ರತಿ ಕಚೇರಿಯಲ್ಲೂ ಒಂದು ಮೂಲೆಯಲ್ಲಿ, ‘ಆರಿಸಬೇಡಿ’ ಎಂಬ ಚೀಟಿ ಅಂಟಿಸಿದ, ಒಳಗೇನು ಓಡುತ್ತಿದೆಯೆಂದು ಯಾರಿಗೂ ಗೊತ್ತಿಲ್ಲದ ಒಂದು ಡಬ್ಬ ಇರುತ್ತಿತ್ತು. ಈ ಕಸುಬಿನಲ್ಲಿ ಅಂಥದ್ದನ್ನು ಕಾಣದವರು ಕಡಿಮೆ.

ಹಳೆಯ ಔಷಧ ಇದ್ದೇ ಇತ್ತು, ಆದರೆ ಈ ಹೊಸ ಮೈಗೆ ಒಗ್ಗುತ್ತಿರಲಿಲ್ಲ. 1974ರಲ್ಲೇ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಒಂದು ಪ್ರಬಂಧದಲ್ಲಿ, ಒಂದು ಪ್ರೊಸೆಸರ್ ಮೇಲೆ ಸಲೀಸಾಗಿ ವರ್ಚುವಲ್ ಮಷೀನ್ ಕಟ್ಟಬೇಕಾದರೆ ಅದರ ಸೂಕ್ಷ್ಮ ಆದೇಶಗಳೆಲ್ಲವೂ ಸಾಮಾನ್ಯ ಸ್ಥಿತಿಯಲ್ಲಿ ಕೊಟ್ಟಾಗ ದೂರಾಗಿ ಮೇಲಕ್ಕೆ ಹೋಗಬೇಕು ಎಂದು ತೋರಿಸಿದ್ದರು. ಪಿಸಿಗಳಲ್ಲಿದ್ದ ಇಂಟೆಲ್‌ನ ಎಕ್ಸ್86 ಪ್ರೊಸೆಸರ್ ಈ ಪರೀಕ್ಷೆಯಲ್ಲಿ ನಪಾಸು. ಪೆಂಟಿಯಂನಲ್ಲಿ ಇಂಥ 17 ಆದೇಶಗಳಿವೆ ಎಂದು 2000ದಲ್ಲಿ ಇಬ್ಬರು ಸಂಶೋಧಕರು ಎಣಿಸಿ ಪಟ್ಟಿ ಮಾಡಿದರು. ಉದಾಹರಣೆಗೆ ‘ಪಾಪ್‌ಎಫ್’ ಎಂಬ ಆದೇಶ. ಮೇಲ್ವಿಚಾರಕ ಅದನ್ನು ಕೊಟ್ಟರೆ ಇಂಟರಪ್ಟ್‌ಗಳನ್ನು ತಡೆಯುವ ಗುರುತು ಬದಲಾಗುತ್ತದೆ. ಸಾಮಾನ್ಯ ಪ್ರೋಗ್ರಾಂ ಕೊಟ್ಟರೆ ಬದಲಾಗುವುದಿಲ್ಲ, ದೂರೂ ಹೋಗುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ ಅರ್ಜಿ ತಿರಸ್ಕರಿಸಿದರೆ ಮೇಲಧಿಕಾರಿಯ ಹತ್ತಿರ ಹೋಗಬಹುದು. ‘ಆಯಿತು ಬಿಡಿ’ ಎಂದು ತೆಗೆದುಕೊಂಡು ಕಸದ ಬುಟ್ಟಿಗೆ ಹಾಕಿದರೆ ಮೇಲಧಿಕಾರಿಗೆ ತಿಳಿಯುವುದು ಹೇಗೆ? ಹೈಪರ್‌ವೈಸರ್‌ನ ಗತಿ ಹಾಗಾಗಿತ್ತು.

1997ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಅವರ ವಿದ್ಯಾರ್ಥಿಗಳಾದ ಎಡ್ವರ್ಡ್ ಬುನ್ಯೋನ್, ಸ್ಕಾಟ್ ಡಿವೈನ್ ಸೇರಿ ಡಿಸ್ಕೋ ಎಂಬ ಪ್ರಯೋಗದಲ್ಲಿ ಈ ಹಳೇ ಕಲ್ಪನೆಯನ್ನು ಮತ್ತೆ ಮೇಲಕ್ಕೆತ್ತಿದರು. ಮರುವರ್ಷ ಡಯಾನ್ ಗ್ರೀನ್, ಎಲೆನ್ ವಾಂಗ್ ಅವರೊಡನೆ ಸೇರಿ ವಿಎಂವೇರ್ ಕಂಪನಿ ಕಟ್ಟಿದರು. ಪೆಂಟಿಯಂನ ಹಟಕ್ಕೆ ಅವರು ಕಂಡುಕೊಂಡ ಉಪಾಯ ಶ್ರಮದ್ದು: ಒಳಗಿರುವ ಆಪರೇಟಿಂಗ್ ಸಿಸ್ಟಂನ ತಿರುಳಿನ ಕೋಡನ್ನು ಓಡುವ ಮುಂಚೆ ತುಣುಕು ತುಣುಕಾಗಿ ಓದಿ, ತಂಟೆಕೋರ ಆದೇಶ ಇದ್ದಲ್ಲೆಲ್ಲ ಬೇರೆ ಆದೇಶ ತುರುಕಿ, ತಿದ್ದಿದ ಪ್ರತಿಯನ್ನು ಓಡಿಸುವುದು. ಕೇಳಿದರೆ ಆಮೆವೇಗದ್ದು ಅನ್ನಿಸುತ್ತದೆ, ಆದರೆ ಬಹುಪಾಲು ಕೋಡನ್ನು ಮುಟ್ಟಲೇಬೇಕಿರಲಿಲ್ಲ. 1999ರಲ್ಲಿ ಡೆಸ್ಕ್‌ಟಾಪಿಗೆ, 2001ರಲ್ಲಿ ಸರ್ವರ್‌ಗೆ ಅವರ ತಂತ್ರಾಂಶ ಬಂತು. ಹತ್ತು ಡಬ್ಬಗಳ ಕೆಲಸ ಒಂದಕ್ಕೆ ಇಳಿಯಿತು. ಆ ‘ಆರಿಸಬೇಡಿ’ ಡಬ್ಬವೂ ಹಾಗೇ ಇಡಿಯಾಗಿ ಒಂದು ಫೈಲಾಗಿ ಒಳಗೆ ಹೋಗಿ ಕೂತಿತು. ಒಳಗೇನಿದೆ ಎಂದು ತಿಳಿಯುವ ಕಷ್ಟ ಮತ್ತೂ ಮುಂದಕ್ಕೆ ಹೋಯಿತು.

2003ರಲ್ಲಿ ವಿಎಂವೇರ್ ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆ ಸಾಗಿಸುವ ಸೌಲಭ್ಯ ತಂದಿತು. ಮೊದಲಲ್ಲಿ ಹೇಳಿದ ಪಾಳಿಯ ಹುಡುಗಿ ಮಾಡಿದ್ದು ಇದನ್ನೇ. ವಿಎಂನ ಮೆಮೊರಿಯನ್ನು ಪುಟಪುಟವಾಗಿ ಹೊಸ ಸರ್ವರ್‌ಗೆ ನಕಲಿಸುತ್ತ ಹೋಗುತ್ತಾರೆ. ಅದು ಓಡುತ್ತಲೇ ಇರುವುದರಿಂದ ನಕಲಿಸಿದ ಕೆಲವು ಪುಟಗಳು ಅಷ್ಟರಲ್ಲಿ ಬದಲಾಗಿರುತ್ತವೆ. ಅವನ್ನಷ್ಟೇ ಮತ್ತೆ ನಕಲಿಸುತ್ತಾರೆ. ಸುತ್ತು ಸುತ್ತಿಗೂ ಬಾಕಿ ಕಡಿಮೆಯಾಗುತ್ತದೆ. ಇನ್ನು ಸ್ವಲ್ಪವೇ ಉಳಿದಾಗ ಕಣ್ಣೆವೆಯಿಕ್ಕುವಷ್ಟು ಹೊತ್ತು ವಿಎಂ ನಿಲ್ಲಿಸಿ, ಉಳಿದದ್ದನ್ನು ದಾಟಿಸಿ, ಆಚೆ ಬದಿಯಲ್ಲಿ ಎಬ್ಬಿಸುತ್ತಾರೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡವೊಂದು 2005ರಲ್ಲಿ, ಜನ ಆಡುತ್ತಿದ್ದಾಗಲೇ ಕ್ವೇಕ್ ಎಂಬ ಆಟದ ಸರ್ವರನ್ನು ಹೀಗೆ ಸಾಗಿಸಿ ತೋರಿಸಿತು. ನಿಂತದ್ದು ಸೆಕೆಂಡಿನ ಸಾವಿರದಲ್ಲಿ ಸುಮಾರು 60 ಪಾಲು.

ಎರಡು ಕೇಂಬ್ರಿಜ್‌ಗಳು ಈ ಕಥೆಯಲ್ಲಿ ಬರುವುದು ಕಾಕತಾಳೀಯ. ಇಂಗ್ಲೆಂಡಿನ ತಂಡದ ಹೈಪರ್‌ವೈಸರ್ ಹೆಸರು ಕ್ಸೆನ್, 2003ರದ್ದು, ಸೋರ್ಸ್ ಕೋಡ್ ಎಲ್ಲರಿಗೂ ತೆರೆದದ್ದು. ಅಮೆಜಾನ್ 2006ರ ಆಗಸ್ಟ್‌ನಲ್ಲಿ ಗಂಟೆಗೆ ಹತ್ತು ಸೆಂಟಿನಂತೆ ಯಂತ್ರ ಬಾಡಿಗೆಗೆ ಕೊಡಲು ಶುರುಮಾಡಿದ್ದು ಕ್ಸೆನ್ ಮೇಲೆಯೇ. ನ್ಯಾಷನಲ್ ಸಿಎಸ್‌ಎಸ್‌ನವರ ಹಳೇ ವ್ಯಾಪಾರ ಮತ್ತೆ ತೆರೆಯಿತು, ಈ ಸಲ ಜಗತ್ತಿಗೆಲ್ಲ. ಮುಂಬಯಿಗೆ ಅಮೆಜಾನಿನ ಈ ಅಂಗಡಿ ಬಂದದ್ದು 2016ರಲ್ಲಿ, ಹೈದರಾಬಾದಿಗೆ 2022ರಲ್ಲಿ. ಅಷ್ಟರಲ್ಲಿ ಇಂಟೆಲ್, ಎಎಂಡಿಗಳೂ ತಮ್ಮ ಪ್ರೊಸೆಸರ್‌ಗಳನ್ನು 2005–06ರಲ್ಲಿ ತಿದ್ದಿ, ಗುಮಾಸ್ತ ಅರ್ಜಿ ಬಿಸಾಡದಂತೆ ಏರ್ಪಾಡು ಮಾಡಿದ್ದವು.

*

ಇಲ್ಲಿಯವರೆಗೆ ಓದಿದರೆ ನಿಜದ ಸರ್ವರ್‌ಗೆ ಕೆಲಸವೇ ಉಳಿಯಲಿಲ್ಲ ಅನ್ನಿಸಬಹುದು. ಹಾಗಾಗಲಿಲ್ಲ. ನಂಬಿಕೆಗೂ ಬೆಲೆಯಿದೆ: ಪ್ರತಿ ದೂರು, ಪ್ರತಿ ಉತ್ತರಕ್ಕೂ ಒಂದಿಷ್ಟು ಸಮಯ ತಗಲುತ್ತದೆ. ದೊಡ್ಡ ಡೇಟಾಬೇಸ್ ನಡೆಸುವವರು, ಷೇರುಪೇಟೆಯ ಸೆಕೆಂಡಿನ ಸೂಕ್ಷ್ಮ ಪಾಲುಗಳನ್ನು ಎಣಿಸುವವರು, ಈಚೆಗೆ ಎಐಗಾಗಿ ಜಿಪಿಯು ತುಂಬಿದ ಸರ್ವರ್ ಇಟ್ಟವರು, ‘ಮಧ್ಯೆ ಯಾರೂ ಬೇಡ, ಬೇರ್ ಮೆಟಲ್ ಕೊಡಿ’ ಅನ್ನುವುದುಂಟು. ಗೂಗಲ್ ತನ್ನೊಳಗಿನ ಕೆಲಸಗಳಿಗೆ ವಿಎಂ ಹಾದಿಯನ್ನು ಹೆಚ್ಚು ತುಳಿಯಲಿಲ್ಲ. ಬೋರ್ಗ್ ಎಂಬ ವ್ಯವಸ್ಥೆಯ ಮೂಲಕ ನಿಜದ ಸರ್ವರ್‌ಗಳ ಮೇಲೆಯೇ ಕಂಟೇನರ್‌ಗಳನ್ನು ಹಂಚಿತು. ವಿಎಂ ಎಂದರೆ ಪ್ರತಿ ಮನೆಗೂ ಸ್ವಂತ ಬಾವಿ ಇದ್ದಂತೆ. ಕಂಟೇನರ್ ಎಂದರೆ ಚಾಳಿನ ಖೋಲಿಗಳಂತೆ, ಬಾಗಿಲು ಬೇರೆ, ನಲ್ಲಿ ಒಂದೇ. ಎಲ್ಲರಿಗೂ ಒಂದೇ ಲಿನಕ್ಸ್ ತಿರುಳು. ಅದಕ್ಕೆ ಬೇಕಾದ ಸೌಕರ್ಯವನ್ನು 2006ರಲ್ಲಿ ಲಿನಕ್ಸ್‌ಗಾಗಿ ಬರೆಯತೊಡಗಿದವರು ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್. 2014ರ ಕುಬರ್ನೆಟೀಸ್ ಬೋರ್ಗ್‌ನ ಅನುಭವದಿಂದಲೇ ಬಂದದ್ದು.

ಹಾಗಾಗಿ ಸವಾಲು ಇನ್ನೊಂದು ರೂಪ ತಾಳಿತು: ನಿಜದ ಸರ್ವರನ್ನೂ ವಿಎಂನಷ್ಟೇ ಸಲೀಸಾಗಿ ನಡೆಸುವುದು ಹೇಗೆ? ಅದರ ಬೀಜಗಳು ತೊಂಬತ್ತರ ದಶಕದ ಕೊನೆಯಲ್ಲೇ ಬಿದ್ದಿದ್ದವು. 1998ರಲ್ಲಿ ಇಂಟೆಲ್ ಮತ್ತಿತರರು ಐಪಿಎಂಐ ಎಂಬ ಒಪ್ಪಂದ ತಂದರು. ಸರ್ವರ್‌ನ ಬೋರ್ಡಿನ ಮೇಲೆ ಇನ್ನೊಂದು ಪುಟಾಣಿ ಕಂಪ್ಯೂಟರ್. ದೊಡ್ಡದು ಸತ್ತಿದ್ದರೂ ಅದು ಎಚ್ಚರವಿದ್ದು, ದೂರದಿಂದ ಹೇಳಿದಾಗ ಪವರ್ ಹಾಕುತ್ತದೆ, ತೆಗೆಯುತ್ತದೆ, ಬಿಸಿ ಎಷ್ಟೆಂದು ಹೇಳುತ್ತದೆ. ಇನ್ನೊಂದು ಪಿಎಕ್ಸ್‌ಇ: ಡಿಸ್ಕ್ ಖಾಲಿ ಇರುವ ಸರ್ವರ್ ಎದ್ದ ಕೂಡಲೇ ‘ನಾನ್ಯಾರು, ಏನು ಓಡಿಸಲಿ?’ ಎಂದು ನೆಟ್‌ವರ್ಕಿನಲ್ಲಿ ಕೂಗಿ ಕೇಳುವ ಪದ್ಧತಿ. ಇವೆರಡನ್ನು ಹೆಣೆದರೆ ಕೋಣೆಗೆ ಕಾಲಿಡದೆಯೇ ನೂರು ಸರ್ವರ್‌ಗಳಿಗೆ ರಾತ್ರೋರಾತ್ರಿ ಹೊಸ ಜನ್ಮ ಕೊಡಬಹುದು. 2010ರಲ್ಲಿ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸೇರಿ ಆರಂಭಿಸಿದ ಓಪನ್‌ಸ್ಟ್ಯಾಕ್‌ನಲ್ಲಿ ವಿಎಂ ಕೊಡುವುದಕ್ಕೊಂದು ವಿಭಾಗ, ನಿಜದ ಸರ್ವರ್ ಕೊಡುವುದಕ್ಕೆ ‘ಐರಾನಿಕ್’ ಎಂಬ ವಿಭಾಗ. ಕೇಳುವವನು ಒಂದೇ ಬಾಗಿಲಲ್ಲಿ ಕೇಳುತ್ತಾನೆ, ಸಿಕ್ಕಿದ್ದು ನಿಜವೋ ನಕಲೋ ಎಂಬುದು ಪಟ್ಟಿಯಲ್ಲಿ ಆರಿಸುವ ಒಂದು ಸಾಲು ಮಾತ್ರ. 2017ರಲ್ಲಿ ಅಮೆಜಾನ್ ಕೂಡ ಬೇರ್ ಮೆಟಲನ್ನು ಅದೇ ಅಂಗಡಿಯಲ್ಲಿ ಬಾಡಿಗೆಗೆ ಇಟ್ಟಿತು.

*

ಎಲ್ಲವೂ ಎಲ್ಲಿಗೆ ಬೇಕಾದರೂ ಸರಿಯುತ್ತದೆ ಎಂಬ ಈ ಆರಾಮದಲ್ಲಿ ಸರಿಯದೆ ಉಳಿದದ್ದು ಒಂದೇ: ಸರಿಸುವ ಪದರ. ಸರ್ವರ್ ಯಾವ ಕಂಪನಿಯದಾದರೂ ಆಗಬಹುದು, ವಿಎಂ ಯಾವ ರ‍್ಯಾಕಿಗಾದರೂ ಹೋಗಬಹುದು, ಆದರೆ ಹೈಪರ್‌ವೈಸರ್ ಬದಲಿಸಬೇಕೆಂದರೆ ಡಿಸ್ಕಿನ ಫೈಲುಗಳ ರೂಪ, ಒಳಗಿನ ಡ್ರೈವರ್‌ಗಳು, ಬ್ಯಾಕಪ್, ನೆಟ್‌ವರ್ಕಿನ ಕಟ್ಟಳೆಗಳು ಬದಲಾಗಬೇಕು. ಹತ್ತು ವರ್ಷ ಅದೊಂದನ್ನೇ ಕಲಿತ ಜನರ ಕೈಚಳಕವೂ ಬದಲಾಗಬೇಕು. ದೊಡ್ಡ ಕಚೇರಿಗಳಲ್ಲಿ ಆ ಪದರ ಬಹುಮಟ್ಟಿಗೆ ವಿಎಂವೇರ್‌ನದೇ ಆಗಿತ್ತು.

ವಿಎಂವೇರ್ ಕೈಯಿಂದ ಕೈಗೆ ದಾಟುತ್ತ ಬಂದಿತ್ತು. 2003ರ ಕೊನೆಯಲ್ಲಿ ಇಎಂಸಿ ಕಂಪನಿ ಅದನ್ನು ಸುಮಾರು 63.5 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿತು. 2016ರಲ್ಲಿ ಇಎಂಸಿಯೇ ಡೆಲ್ ಪಾಲಾಯಿತು. 2022ರ ಮೇ ತಿಂಗಳಲ್ಲಿ ಚಿಪ್ ಕಂಪನಿ ಬ್ರಾಡ್‌ಕಾಮ್ ಸುಮಾರು 6,100 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಸಾರಿ, 2023ರ ನವೆಂಬರ್‌ನಲ್ಲಿ ಮುಗಿಸಿತು. ಮರುತಿಂಗಳೇ ಒಂದು ಸಲ ಕೊಂಡರೆ ಸದಾ ಬಳಸಬಹುದಾದ ಲೈಸೆನ್ಸ್‌ಗಳ ಮಾರಾಟ ನಿಲ್ಲಿಸಿ, ಇನ್ನು ಚಂದಾ ಮಾತ್ರ ಎಂದಿತು. ಬಿಡಿಬಿಡಿಯಾಗಿ ಸಿಗುತ್ತಿದ್ದ ಸರಕುಗಳು ಕೆಲವೇ ದೊಡ್ಡ ಕಟ್ಟುಗಳಾದವು. ಇದರಿಂದ ವ್ಯವಹಾರ ಸರಳವಾಗುತ್ತದೆ ಎಂಬುದು ಕಂಪನಿಯ ವಾದ. ಒಂದೇ ಸರಕು ಬೇಕಿದ್ದವರು ಇಡೀ ಕಟ್ಟಿಗೆ ದುಡ್ಡು ಕೊಡಬೇಕಾಯಿತು. ಅಮೆರಿಕದ ಎಟಿ ಅಂಡ್ ಟಿ 2024ರಲ್ಲಿ ಕೋರ್ಟಿಗೇ ಹೋಯಿತು. ಸುಮಾರು 8,600 ಸರ್ವರ್‌ಗಳ ಮೇಲೆ 75,000 ವಿಎಂಗಳು ತನ್ನಲ್ಲಿ ಇದೇ ತಂತ್ರಾಂಶದ ಮೇಲೆ ಓಡುತ್ತಿವೆ ಎಂದು ಅದು ಹೇಳಿಕೊಂಡಿತ್ತು. ಅದೇ ವರ್ಷ ಇಬ್ಬರೂ ರಾಜಿಯಾದರು. ಅಂಥ ದೈತ್ಯನೇ ಕೋರ್ಟಿನ ಮೆಟ್ಟಿಲು ಹತ್ತಬೇಕಾದರೆ ಪುಣೆಯ ಒಂದು ಮಧ್ಯಮ ಗಾತ್ರದ ಕಾರ್ಖಾನೆಯ ಐಟಿ ಮ್ಯಾನೇಜರ್ ಏನು ಮಾಡಿಯಾನು?

ಬೇರೆ ಕಡೆ ಹೋಗುವ ಯೋಚನೆ ಮಾಡುತ್ತಾನೆ. ಹೋಗುವವರಲ್ಲಿ ಹಲವರ ದಾರಿ ಕೆವಿಎಂ ಕಡೆಗೆ. ಕ್ಯುಮ್ರಾನೆಟ್ ಎಂಬ ಇಸ್ರೇಲಿ ಕಂಪನಿಯಲ್ಲಿ ಅವಿ ಕಿವಿಟಿ ಬರೆದ ಕೆವಿಎಂ 2007ರಲ್ಲಿ ಲಿನಕ್ಸ್ ತಿರುಳಿನೊಳಗೇ ಸೇರಿತು. ಪ್ರೊಸೆಸರ್‌ಗಳೇ ಸುಧಾರಿಸಿದ್ದರಿಂದ ಕೋಡ್ ತಿದ್ದುವ ವಿಎಂವೇರ್‌ನ ಶ್ರಮ ಅದಕ್ಕೆ ಬೇಕಿರಲಿಲ್ಲ. ಕ್ಯುಮ್ರಾನೆಟನ್ನು 2008ರಲ್ಲಿ ರೆಡ್ ಹ್ಯಾಟ್ ಕೊಂಡಿತು. 2019ರಲ್ಲಿ ರೆಡ್ ಹ್ಯಾಟನ್ನು ಕೊಂಡವರು ಯಾರು ಗೊತ್ತೇ? 3,400 ಕೋಟಿ ಡಾಲರ್ ಕೊಟ್ಟು, ಐಬಿಎಂ.

ಇನ್ನೂ ಒಂದಿದೆ. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಮುಖ್ಯ ಲಿನಕ್ಸ್‌ನ ಸೋರ್ಸ್ ಕೋಡನ್ನು ಮೊದಲಿನ ಹಾಗೆ ಎಲ್ಲರಿಗೂ ಸಿಗುವಂತೆ ಇಡುವುದನ್ನು ನಿಲ್ಲಿಸಿತು. ಗ್ರಾಹಕರಿಗೆ ಕೊಡುತ್ತೇವೆ, ಉಳಿದವರಿಗೆ ಮುಂದಿನ ಆವೃತ್ತಿಯ ಕೋಡಿನ ಹರಿವು ಇದೆ ಎಂದಿತು. 1983ನ್ನು ಕಂಡಿದ್ದ ಹಳಬರು ಯಾರಾದರೂ ಉಳಿದಿದ್ದರೆ ನಕ್ಕಿರಬೇಕು. ಒಂದು ವ್ಯತ್ಯಾಸ ಮಾತ್ರ ಸಣ್ಣದಲ್ಲ. ಕೆವಿಎಂ ಇರುವುದು ಲಿನಕ್ಸ್ ತಿರುಳಿನಲ್ಲಿ, ಅದರ ಲೈಸೆನ್ಸ್ ಪ್ರಕಾರ ಆ ಕೋಡನ್ನು ಮುಚ್ಚುವ ಅಧಿಕಾರ ಯಾರಿಗೂ ಇಲ್ಲ, ಐಬಿಎಂಗೂ ಇಲ್ಲ. ಮಾರುವ ಅಂಗಡಿ ಯಾರದಾದರೂ ಆಗಲಿ, ಬಾಗಿಲಿನ ಅಚ್ಚು ಊರಿನವರ ಹತ್ತಿರವೂ ಇದೆ. ಆ ಅಚ್ಚಿನಿಂದ ಕೀಲಿ ಮಾಡಿಕೊಳ್ಳುವ ಕಮ್ಮಾರರು ನಮ್ಮಲ್ಲಿ ಎಷ್ಟಿದ್ದಾರೆ ಎಂಬುದು ಬೇರೆ ಪ್ರಶ್ನೆ. ಸಿಎಂಸಿಯಂಥವರ ಕೆಲಸ ನೆನಪಾಗುವುದು ಇಲ್ಲಿ.

ಮತ್ತೆ ಆ 1964ರ ವಿನ್ಯಾಸ? ಅದು ಸತ್ತಿಲ್ಲ. ಜ಼ೆಡ್/ವಿಎಂ ಎಂಬ ಹೆಸರಿನಲ್ಲಿ ಐಬಿಎಂನ ಮೇನ್‌ಫ್ರೇಮ್‌ಗಳ ಮೇಲೆ ಓಡುತ್ತಿದೆ, 2024ರಲ್ಲೂ ಅದರ ಹೊಸ ಆವೃತ್ತಿ ಬಂತು. ಒಂದೇ ಯಂತ್ರದಲ್ಲಿ ಲಿನಕ್ಸ್‌ಗಳ ಹಿಂಡನ್ನೇ ಸಾಕುತ್ತದೆ. ಒಳಗೆ ಸಿಎಂಎಸ್ ಕೂಡ ಇದೆ. ಅದನ್ನು ಎಬ್ಬಿಸಲು ಈಗಲೂ ‘ಐಪಿಎಲ್ ಸಿಎಂಎಸ್’ ಎಂದು ಟೈಪಿಸಬೇಕು. ಇದು ಕ್ರಿಕೆಟ್ಟಿನ ಐಪಿಎಲ್ ಅಲ್ಲ, ಇನಿಶಿಯಲ್ ಪ್ರೋಗ್ರಾಂ ಲೋಡ್. 360ರ ಕಾಲದಲ್ಲಿ ಆಪರೇಟರ್ ಎದ್ದುಹೋಗಿ ಯಂತ್ರದ ಮುಂಬದಿಯ ಫಲಕದಲ್ಲಿ ಲೋಡ್ ಎಂಬ ಗುಂಡಿಯನ್ನು ಬೆರಳಿನಿಂದ ಒತ್ತಿ ಮಾಡುತ್ತಿದ್ದ ಕೆಲಸ ಅದು. ಇಲ್ಲದ ಯಂತ್ರದಲ್ಲಿ ಆ ಗುಂಡಿಯನ್ನು ಹೀಗೆ ಒತ್ತುತ್ತಾರೆ.